ಮೂರನೇ ಕಿಟಕಿಯ ಅಳಿಯ

ಇಂದ,
ಪೆರೆಸಿ ತಾಕಾ, ಒಣಮೀನು ವ್ಯಾಪಾರ,
ಸಿಯೋ ನದಿಯ ಪಡುದಂಡೆ,
ವಿಕ್ಟೋರಿಯಾ ಸರೋವರಕ್ಕೆ ಹೋಗುವ ದಾರಿ, ಎರಡನೇ ಹಲಸಿನ ಮರದ ಮನೆ.

ಗೆ,
ಮಾನ್ಯ ಕಾರ್ಯದರ್ಶಿಗಳು,
ನೆರೆದೇಶಗಳ ಒಕ್ಕೂಟ, ದೊಡ್ಡ ಕಚೇರಿ.

ವಿಷಯ: ಒಂದು (೧) ಹೇಂಟೆಯನ್ನು ಗಡಿ ದಾಟಿಸಿ ಮಗಳ ಮನೆಗೆ ಮುಟ್ಟಿಸಲು ಅಪ್ಪಣೆ ಕೋರಿ.

ಉಲ್ಲೇಖ: ೧. "ಇನ್ನು ಮುಂದೆ ನಾವೆಲ್ಲ ಒಂದೇ ಮನೆಯವರು" ಎಂದು ತಮ್ಮ ಕಡೆಯವರು ಸಂತೆಯಲ್ಲಿ ಮೈಕು ಹಿಡಿದು ಹೇಳಿದ್ದು.
೨. ಇದೇ ವಿಷಯವಾಗಿ ನಾನು ಬರೆದು ಕಳಿಸದೆ ಇಟ್ಟುಕೊಂಡಿರುವ ನಾಲ್ಕು ಅರ್ಜಿಗಳು.

ಮಾನ್ಯರೇ,

ಒಣಮೀನಿನೊಳಗಿನ ಮರಳು ಕೇರುವ ನಡುನಡುವೆ ಕೈ ಒರೆಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಹಾಳೆಗೆ ಮೀನಿನ ಪೊರೆ ಅಂಟಿದ್ದರೆ ಅದನ್ನು ಲಗತ್ತೆಂದು ಭಾವಿಸಬಾರದಾಗಿ ಮೊದಲೇ ವಿನಂತಿ.

೧. ನಾವು ಸಾಮಿಯಾ ಜನ. ನದಿಯ ಎರಡೂ ದಂಡೆಯಲ್ಲಿ ಇದ್ದೇವೆ. ದೇಶಗಳು ಆಮೇಲೆ ಬಂದವು. ಮಗಳು ನೆರಿಮಾಳನ್ನು ಮೂಡುದಂಡೆಗೆ ಕೊಟ್ಟದ್ದು, ಕೂಗಿದರೆ ಕೇಳುವಷ್ಟು ಹತ್ತಿರ ಎಂಬ ಕಾರಣಕ್ಕೆ. ಅಳಿಯಂದಿರಾದ ಎಗೆಸಾ ಅವರು ಗಡಿಗೇಟಿನಲ್ಲಿ ಮೂಡಣ ಸರ್ಕಾರದ ನೌಕರರು. ಮೂರನೇ ಕಿಟಕಿಯಲ್ಲಿ ಕೂತು ಕುರಿ, ಕೋಳಿ, ಮೊಟ್ಟೆ ತಪಾಸಣೆ ಮಾಡುತ್ತಾರೆ. ಸರ್ಕಾರಿ ಅಳಿಯ ಸಿಕ್ಕ ಎಂದು ಆಗ ನಾನು ಊರಿಗೆಲ್ಲ ಹೇಳಿಕೊಂಡು ಬಂದೆ. ಅದು ನನ್ನದೇ ತಪ್ಪು.

೨. ನೆರಿಮಾ ಹೆಣ್ಣುಮಗು ಹೆತ್ತಳು. ನಮ್ಮ ಮನೆತನದ ಪದ್ಧತಿಯಂತೆ, ಹೆತ್ತವಳ ತಾಯಿ ತನ್ನ ಅಂಗಳದಲ್ಲೇ ಸಾಕಿದ ಹೇಂಟೆಯನ್ನು ಒಯ್ದು ಮಗಳ ಹೊಸ್ತಿಲಲ್ಲಿ ಬಿಟ್ಟ ಮೇಲೆಯೇ ಮೊಮ್ಮಗುವನ್ನು ಎತ್ತಿಕೊಳ್ಳಬೇಕು. ಅಲ್ಲಿಯವರೆಗೆ ಮಗುವೂ ಅಜ್ಜಿಯ ಅಂಗಳ ತುಳಿಯುವಂತಿಲ್ಲ. ಪೇಟೆಯಲ್ಲಿ ಕೊಂಡ ಕೋಳಿ ನಡೆಯುವುದಿಲ್ಲ.

೩. ನಾನು ಹೇಂಟೆ ಹಿಡಿದು ಹೊರಟ ವಾರವೇ ಎರಡೂ ಸರ್ಕಾರಗಳಿಗೆ ಮುನಿಸು ಬಂತು. ಅವರು ನಮ್ಮ ಕೋಳಿಗೆ ರೋಗ ಎಂದರು. ನಮ್ಮವರು ಅವರ ಹಾಲು ಬೇಡ ಎಂದರು. ಅವರು ಜೋಳದ ಲಾರಿ ತಡೆದರು, ನಮ್ಮವರು ಸಕ್ಕರೆಯ ಲಾರಿ ತಡೆದರು. ಅಲ್ಲಿ ಚುನಾವಣೆ ಹತ್ತಿರ ಬಂದಿದೆ, ಅದಕ್ಕೇ ಹೀಗೆ ಎಂದು ರೇಡಿಯೋ ಹೇಳಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ನನ್ನ ಹೇಂಟೆಗೆ ಇದುವರೆಗೆ ಒಂದು ಸೀನು ಕೂಡ ಬಂದಿಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ. ಗೇಟಿನ ಮೇಲೆ ತಮ್ಮ ಒಕ್ಕೂಟದ ದೇಶಗಳ ಬಾವುಟಗಳು ಮಾತ್ರ ಒಂದರ ಹೆಗಲಿಗೊಂದು ಒರಗಿಕೊಂಡು ಹಾರುತ್ತಿದ್ದವು.

೪. ನಮ್ಮಲ್ಲಿ ಅತ್ತೆ ಅಳಿಯ ಮುಖಾಮುಖಿ ಆಗಬಾರದು, ನೇರ ಮಾತಾಡಬಾರದು. ಕಾರಣ, ಕಿಟಕಿಯಲ್ಲಿ ಅವರು ಕಂಡೊಡನೆ ನಾನು ಜೋಳದ ಲಾರಿಯ ಹಿಂದೆ ಸರಿದೆ. ನಾನು ಕಂಡೊಡನೆ ಅವರು ಮೇಜಿನ ಕೆಳಗೆ ಇಳಿದರು. ಸಾಲಿನಲ್ಲಿದ್ದವರೊಬ್ಬರು, "ಸಾಹೇಬ್ರು ಏನೋ ಬೀಳಿಸ್ಕೊಂಡ್ರು" ಎಂದರು. ನನ್ನ ಜೊತೆ ಬಂದಿದ್ದ ನೆರೆಮನೆಯ ನಬ್ವಿರೆ ನಡುವೆ ನಿಂತು ಮಾತು ದಾಟಿಸಬೇಕಾಯಿತು.

"ಸಾಹೇಬ್ರೇ, ಲಾರಿ ಹಿಂದೆ ಒಬ್ಬರಿದಾರೆ. ಅವರ ಕಂಕುಳಲ್ಲಿ ಹೇಂಟೆ ಇದೆ."

"ಲಾರಿ ಹಿಂದಿನವರಿಗೆ ನಮಸ್ಕಾರ ಹೇಳಮ್ಮ. ಹೇಂಟೆ ಬಿಡೋಕಾಗಲ್ಲ ಅಂತಾನೂ ಹೇಳು."

"ಅದು ನಿನ್ನ ಹೆಂಡ್ತಿಗೇ ಕಣಪ್ಪ."

"ಗೊತ್ತು. ನಾಲ್ಕು ದಿನದಿಂದ ಅವಳು ನನಗೆ ಮುದ್ದೆ ಬಡಿಸ್ತಿಲ್ಲ. ಆದ್ರೆ ಇವತ್ತು ನಮ್ಮತ್ತೆ ಕೋಳಿ ಬಿಟ್ರೆ, ನಾಳೆ ಸಂತೆಯವರೆಲ್ಲ ನನ್ನ ಅತ್ತೆಯಂದಿರೇ ಆಗ್ತಾರೆ."

ಮೇಜಿನ ಕೆಳಗಿಂದ ಬಂದರೂ ಮಾತು ನ್ಯಾಯವಾಗಿತ್ತು. ನಾನು ಹಿಂದಿರುಗಿದೆ.

೫. "ಇಲಿದಾರಿಯಲ್ಲಿ ಹೋಗೋಣ ಬಾರಕ್ಕ" ಎಂದಳು ನಬ್ವಿರೆ. ಗೇಟು ತಪ್ಪಿಸಿ ಜೊಂಡಿನ ನಡುವೆ ದಾಟುವ ಕಳ್ಳದಾರಿಗೆ ಇಲ್ಲಿ ಹಾಗೆನ್ನುತ್ತಾರೆ. "ಅಳಿಯ ಕಾಯೋ ಗಡೀನ ಅತ್ತೇನೇ ಕದ್ದು ದಾಟಿದ್ರೆ, ಅವನ ಕೆಲಸ ಉಳಿಯುತ್ತೇನೇ?" ಎಂದೆ. "ಹಂಗಾದ್ರೆ ಹೇಂಟೆಗೆ ಈಜು ಕಲಿಸು" ಎಂದಳು. ಸದರಿ ಸಲಹೆಯನ್ನು ಪರಿಶೀಲಿಸಿ ಕೈಬಿಡಲಾಯಿತು.

೬. ಒಕ್ಕೂಟಕ್ಕೆ ಅರ್ಜಿ ಕೊಟ್ಟರೆ ದಾರಿ ಇದೆ ಎಂದು ಸಂಜೆಶಾಲೆಯ ಮೇಷ್ಟ್ರು ಹೇಳಿದರು. ಅಕ್ಷರ ಕೂಡಿಸಿ ಬರೆದೆ. ಆದರೆ ಅರ್ಜಿದಾರರು ಖುದ್ದಾಗಿ ಗೇಟಿಗೆ ಬಂದು, ಸಂಬಂಧಪಟ್ಟ ಅಧಿಕಾರಿಯ ಮುಂದೆ ಸಹಿ ಹಾಕಿ ಮುದ್ರೆ ಒತ್ತಿಸಬೇಕಂತೆ. ಕೋಳಿಗೆ ಸಂಬಂಧಪಟ್ಟ ಅಧಿಕಾರಿ ಮೂರನೇ ಕಿಟಕಿ. ಆದ್ದರಿಂದ ನಾಲ್ಕು ಅರ್ಜಿಗಳೂ ಹಿಟ್ಟಿನ ಡಬ್ಬಿಯಲ್ಲೇ ಉಳಿದವು.

೭. ಹೀಗೆ ಎರಡು ಮಳೆಗಾಲ ಕಳೆದವು. ಹಾಲಿನ ಜಗಳ ಮುಗಿಯಿತು, ಜೋಳದ್ದೂ ಮುಗಿಯಿತು. ಕೋಳಿಯದು ಮುಂದಿನ ಸಭೆಗೆ ಹೋಗಿದೆಯಂತೆ. ಬಟ್ಟೆ ಒಗೆಯುವ ದಿನ ನೆರಿಮಾ ಆಚೆ ದಂಡೆಯಲ್ಲಿ ನಿಂತು ಮಗುವನ್ನು ಎತ್ತಿ ತೋರಿಸುತ್ತಾಳೆ. ಮೊದಮೊದಲು ಎರಡೂ ಕೈ ಚಾಚಿ ಎತ್ತುತ್ತಿದ್ದಳು. ಈಗ ಮಗು ತಾನೇ ನಿಂತು ನನ್ನತ್ತ ಕಲ್ಲು ಎಸೆಯುತ್ತದೆ. ಗುರಿ ಚೆನ್ನಾಗಿದೆ. ನಾನು ಇನ್ನೂ ಅದರ ತಲೆ ಮೂಸಿ ನೋಡಿಲ್ಲ.

ಆದ್ದರಿಂದ ತಾವು ದಯಮಾಡಿ, ಸದರಿ ಹೇಂಟೆ ಸರಕಲ್ಲ, ಮನೆಯವಳು ಎಂದು ಪರಿಗಣಿಸಿ ಅಪ್ಪಣೆ ಕೊಡಬೇಕು. ಒಂದೇ ಮನೆಯವರು ಎಂದು ಮೈಕಿನಲ್ಲಿ ಹೇಳಿದ್ದು ತಾವೇ. ಒಂದೇ ಮನೆಯಲ್ಲಿ ಜಗಳ ಇರುತ್ತದೆ, ನಾನು ಆರು ಮಂದಿ ವಾರಗಿತ್ತಿಯರ ಜೊತೆ ಬಾಳಿದವಳು, ಬಲ್ಲೆ. ಆದರೆ ಎಷ್ಟೇ ಜಗಳವಾದರೂ ಬಾಣಂತಿಯ ಬಾಗಿಲಿಗೆ ನಾವು ಯಾರೂ ಅಗುಳಿ ಹಾಕಿದವರಲ್ಲ.

ತಮ್ಮ ವಿಶ್ವಾಸಿ, ಹಾಗೂ ಮೂರನೇ ಕಿಟಕಿಯ ಅತ್ತೆ,
ಪೆರೆಸಿ ತಾಕಾ

ಲಗತ್ತುಗಳು: ೧. ಹೇಂಟೆಯ ಗರಿ, ಒಂದು (ತಾನಾಗಿ ಉದುರಿದ್ದು). ೨. ಹೇಂಟೆ ಆರೋಗ್ಯವಾಗಿದೆ ಎಂದು ನಬ್ವಿರೆಯ ಹೆಬ್ಬೆಟ್ಟು.

ಷರಾ: ಈ ಷರಾವನ್ನು ಮಾತ್ರ ಇಂದು ಬೆಳಿಗ್ಗೆ ಕಿಟಕಿಯ ಬಳಿ ನಿಂತು ಬರೆಯುತ್ತಿದ್ದೇನೆ. "ಗುರುವಾರ ಬರಲಿ, ನಾನು ಗೋಡೆ ನೋಡ್ಕೊಂಡು ಕೂತಿರ್ತೀನಿ" ಎಂದು ಅಳಿಯಂದಿರೇ ನಬ್ವಿರೆಯ ಕೈಲಿ ಹೇಳಿಕಳಿಸಿದ್ದರು. ಹಾಗೆಯೇ ಕುರ್ಚಿ ತಿರುಗಿಸಿ ಕೂತಿದ್ದಾರೆ. ನಾನು ಅರ್ಜಿಗೆ ಸಹಿ ಹಾಕಿ ಅವರ ಬೆನ್ನಿಗೆ ತೋರಿಸಿದೆ. "ಇಬ್ಬರೂ ಇದ್ದೀರಿ, ನಾನು ಸಾಕ್ಷಿ" ಎಂದಳು ನಬ್ವಿರೆ. ಅವರು ಕೈ ಹಿಂದಕ್ಕೆ ಚಾಚಿ ಮುದ್ರೆ ಒತ್ತಿದರು. ಮೊದಲನೆಯದು ಮೇಜಿಗೆ ಬಿತ್ತು, ಎರಡನೆಯದು ನಬ್ವಿರೆಯ ಮುಂಗೈಗೆ, ಮೂರನೆಯದು ಅರ್ಜಿಗೆ. ಟಪಾಲು ಚೀಲದ ಬಾಯಿ ಕಟ್ಟುತ್ತಿದ್ದಾರೆ, ಇಷ್ಟು ಬರೆದು ಒಳಗೆ ಹಾಕುತ್ತಿದ್ದೇನೆ. ಮುದ್ರೆ ತಲೆಕೆಳಗಾಗಿದೆ ಎಂಬ ಕಾರಣಕ್ಕೆ ಅರ್ಜಿಯನ್ನು ಹಿಂತಿರುಗಿಸಬಾರದಾಗಿ ಪ್ರಾರ್ಥನೆ. ಇನ್ನೊಮ್ಮೆ ಒತ್ತಿಸಲು ನಬ್ವಿರೆ ಒಪ್ಪುತ್ತಿಲ್ಲ.