ಬಾಗಿಲ ಪಕ್ಕದ ಜಾಗ

ಮುದ್ರಣಾಲಯದ ಟಾಯ್ಲೆಟ್ಟಿನ ಚಿಲಕ ಮುರಿದದ್ದರಿಂದ ಎಲ್ಲರಿಗೂ ಮುಜುಗರವಾಯಿತು. ಕರಡು ತಿದ್ದುವವನಿಗೆ ಮಾತ್ರ ಬೆನ್ನುನೋವು ಬಂತು. ಬಾಗಿಲು ತೆರೆದಾಗಲೆಲ್ಲ ಬಡಿಯುತ್ತಿದ್ದದ್ದು ಅವನ ಕುರ್ಚಿಗೆ. ಸಾಲದ್ದಕ್ಕೆ, ಬಂದವರಿಗೆಲ್ಲ "ಒಳಗೆ ಜನ ಇದ್ದಾರೆ" ಎಂದು ಹೇಳುವ ಕೆಲಸವೂ ಅವನ ಕೊರಳಿಗೇ ಬಿತ್ತು.

ಹೀಗೇ ಹನ್ನೆರಡು ವರ್ಷ ಕಳೆದಿತ್ತು. ಅಂದು ಅವನು ತಿದ್ದುತ್ತಿದ್ದದ್ದು ಪಾಶ್ಚಾತ್ಯ ತತ್ವಜ್ಞಾನಿಗಳ ಪುಸ್ತಕ. ಒಂದು ಪುಟಕ್ಕೆ ಬಂದವನು ಬಾಗಿಲ ಪೆಟ್ಟನ್ನೂ ಮರೆತ. ನ್ಯಾಯವಾದ ನಿಯಮ ಬೇಕೆಂದರೆ, ನಾಳೆ ನೀನು ಅರಸನಾಗುವೆಯೋ ಆಳಾಗುವೆಯೋ ತಿಳಿಯದವನಂತೆ ಕೂತು ನಿಯಮ ಮಾಡು ಎಂದಿದ್ದನಂತೆ ಒಬ್ಬ ಪುಣ್ಯಾತ್ಮ.

"ಅಬ್ಬಾ, ಏನು ತಲೆ!" ಎಂದು ಎದ್ದೇಬಿಟ್ಟ.

ಊಟದ ಹೊತ್ತಿಗೆ ಎಲ್ಲರನ್ನೂ ಒಟ್ಟುಗೂಡಿಸಿದ. "ಚೀಟಿ ಎತ್ತಿ ಜಾಗ ಹಂಚ್ಕೊಳ್ಳೋಣ. ಆದ್ರೆ ಯಾವ ಜಾಗದೋರಿಗೆ ಏನೇನು ಅನ್ನೋ ನಿಯಮ ಮೊದ್ಲೇ ಆಗ್ಬೇಕು."

ಕಿಟಕಿ ಪಕ್ಕದಲ್ಲಿ ಹಾಯಾಗಿದ್ದ ಹಿರಿಯ ಗುಮಾಸ್ತರು ಗೊಣಗಿದರು. "ನಂಗ್ಯಾಕೋ ಇದು ಸರಿ ಕಾಣಲ್ಲಪ್ಪ."

ಮ್ಯಾನೇಜರು ಮಾತ್ರ ಮಾರುಹೋದರು. "ಭೇಷ್! ಇವತ್ತೇ ಆಗ್ಲಿ."

ಆಮೇಲೆ ನೋಡಬೇಕಿತ್ತು. ಚೀಟಿಯ ಭಯಕ್ಕೆ ಎಲ್ಲರ ಎದೆಯಲ್ಲೂ ಕರುಣೆ ಉಕ್ಕಿತು.

"ಪಾಪ, ಬಾಗಿಲ ಹತ್ರ ಕೂರೋರಿಗೆ ಫ್ಯಾನ್ ಬೇಡ್ವಾ?" ಎಂದರು ಗುಮಾಸ್ತರೇ.

"ಮೆತ್ತನೆ ಕುರ್ಚಿ ಕೊಡಿ. ಅರ್ಧ ಗಂಟೆ ಮುಂಚೆ ಮನೆಗೂ ಬಿಡಿ," ಎಂದಳು ಟೈಪಿಸ್ಟ್ ಅಕ್ಕ.

ಮ್ಯಾನೇಜರು ಬಡಗಿಯನ್ನು ಕರೆಸಿ ಹೊಸ ಚಿಲಕ ಹಾಕಿಸಿ, ಬಾಗಿಲು ಒಳಗಡೆಗೆ ತೆರೆಯುವಂತೆ ಮಾಡಿಸಿದರು. ಹನ್ನೆರಡು ವರ್ಷ ಯಾರ ಕಿವಿಗೂ ಬೀಳದ ತನ್ನ ಗೋಳಿಗೆ ಒಂದೇ ಮಧ್ಯಾಹ್ನದಲ್ಲಿ ಪರಿಹಾರ ಸಿಕ್ಕಿದ್ದು ಕಂಡು ಕರಡು ತಿದ್ದುವವನ ಕಣ್ಣು ತೇವವಾಯಿತು. ಆ ಹುರುಪಿನಲ್ಲಿ ತಾನೂ ಒಂದು ನಿಯಮ ಸೇರಿಸಿದ: "ಕಿಟಕಿ ಹತ್ರ ಗಾಳಿ ಬೆಳಕು ಎಲ್ಲ ಇದೆ. ಗಿರಾಕಿಗಳ ದೂರು, ಫೋನು, ಎಲ್ಲ ಅಲ್ಲಿಗೇ ಹೋಗ್ಲಿ!"

ಎಲ್ಲರೂ ಕೈಯೆತ್ತಿದರು. ಚೀಟಿ ಎತ್ತಿದರು.

ಬಾಗಿಲ ಜಾಗ ಹಿರಿಯ ಗುಮಾಸ್ತರಿಗೆ ಬಂತು. ಕಿಟಕಿ ಬಂದದ್ದು ಇವನಿಗೆ.

ನಾಲ್ಕೂವರೆಗೆ ಗುಮಾಸ್ತರು ಮೆತ್ತನೆಯ ಕುರ್ಚಿಯಿಂದೆದ್ದು, ಚೀಲ ಹೆಗಲಿಗೇರಿಸಿಕೊಂಡು ಕಿಟಕಿಯ ಬಳಿ ನಿಂತರು. ಅಲ್ಲಿ ಮೂವರು ಗಿರಾಕಿಗಳು ಒಟ್ಟಿಗೇ ಕೂಗಾಡುತ್ತಿದ್ದರು. ಫೋನು ಹಸಿದ ಕೂಸಿನಂತೆ ಅರಚುತ್ತಿತ್ತು.

"ಆ ತತ್ವಜ್ಞಾನಿ ದೊಡ್ಡ ಮನುಷ್ಯ ಕಣಯ್ಯ," ಎಂದರು, ಮನಸಾರೆ.

"ಹೌದು ಸಾರ್," ಎಂದ ಅವನೂ ಮನಸಾರೆಯೇ, ಫೋನು ಎತ್ತಿಕೊಳ್ಳುತ್ತ. ನಿಯಮದಲ್ಲಿ ಒಂದಕ್ಷರವೂ ತಿದ್ದುವಂತಿರಲಿಲ್ಲ.