ಬೇಸಿನ್ ಒರೆಸುವ ಇಲಾಖೆಯ ಬಟ್ಟೆ

ಕೈ ತೊಳೆಯುವ ಬೇಸಿನ್ ಕೊಳಕಾಗಿದ್ದರೆ ರೋಗ ಹರಡುತ್ತದೆ. ಇದು ಸತ್ಯ. ನಗರಸಭೆ ಸರ್ವಾನುಮತದಿಂದ ಅಂಗೀಕರಿಸಿದ ಮೇಲಂತೂ ಇನ್ನಷ್ಟು ಸತ್ಯವಾಗಿದೆ.

ಕೂಡಲೇ ಪ್ರಕಟಣೆ ಹೊರಟಿತು: "ಪ್ರತಿ ಮನೆಯ ಬೇಸಿನ್ನನ್ನು ಇಲಾಖೆಯ ಬಟ್ಟೆಯಿಂದ ಒರೆಸಿ ಪರೀಕ್ಷಿಸಲಾಗುವುದು. ಬಟ್ಟೆಯ ಮೇಲೆ ಹೊಸ ಕಲೆ ಕಂಡರೆ ನಲ್ಲಿ ಬಂದ್. ಯಾರಿಗೂ ಅನ್ಯಾಯವಾಗಬಾರದೆಂದು ಇಡೀ ಬೀದಿಗೆ ಒಂದೇ ಬಟ್ಟೆ."

ಬಟ್ಟೆ ಹಾಲಿನಂತೆ ಬೆಳ್ಳಗಿತ್ತು. ಬೀದಿಯ ಮೊದಲ ಮನೆ ಮೇಷ್ಟ್ರದು. ಫೇಲು. ಪಕ್ಕದ ಕ್ಷೌರಿಕನದೂ ಫೇಲು. ಬೀದಿಯ ನಡುವಿಗೆ ಬರುವಷ್ಟರಲ್ಲಿ ಬಟ್ಟೆ ಬಾಣಲೆಯ ತಳದಂತಾಗಿತ್ತು. ಅದರ ಮೇಲೆ ಹೊಸ ಕಲೆ ಕಾಣಬೇಕಾದರೆ ಸುಣ್ಣವೇ ಬೇಕು. ಅಲ್ಲಿಂದಾಚೆ ಎಲ್ಲರೂ ಪಾಸು. ಬೀದಿಯ ಕೆಳಭಾಗದ ಜನರ ನಾಗರಿಕ ಪ್ರಜ್ಞೆಯನ್ನು ಇಲಾಖೆ ಮೆಚ್ಚಿಕೊಂಡಿತು.

ಕೊನೆಯ ಮನೆ ಅತ್ತೆಯ ಜೊತೆಗಿದ್ದ ದರ್ಜಿ ಸೊಸೆಯದು. ಬೇಸಿನ್ನನ್ನು ದಿನಾ ಬ್ರಷ್ಷು ಹಾಕಿ ಉಜ್ಜುವವಳು. ಬಟ್ಟೆ ಕಂಡು ಮೂಗು ಮುಚ್ಚಿಕೊಂಡಳು.

"ಸಾರ್, ಇದನ್ನ ಒಂದ್ಸಲ ತೊಳೀಬಾರ್ದಾ?"

"ಪಾಸಾದ ಬೇಸಿನ್ನಲ್ಲೇ ತೊಳೀಬೇಕು ಅಂತ ರೂಲ್ಸ್ ಇದೆಯಮ್ಮ," ಎಂದರು ಇಲಾಖೆಯ ಪರಿವೀಕ್ಷಕರು.

"ಪಕ್ಕದ್ಮನೇದು ಪಾಸಾಯ್ತಲ್ಲ, ಅಲ್ಲಿ ತೊಳೀರಿ."

"ತೊಳೆದ್ರೆ ಅದು ಗಲೀಜಾಗುತ್ತೆ. ಆಮೇಲೆ ಅವರ ನಲ್ಲಿ ನಾನೇ ಬಂದ್ ಮಾಡ್ಬೇಕು. ಅವರು ನಂಗೇನು ದ್ರೋಹ ಮಾಡಿದಾರೆ?"

ಹೊಳೆಯುತ್ತಿದ್ದ ಬೇಸಿನ್ನಿಗೆ ಕಪ್ಪು ಬಳಿದು, ಪಾಸು ಮಾಡಿ ಹೋದರು.

ವಾರದೊಳಗೆ ಬೀದಿಯ ಕಣ್ಣೆಲ್ಲ ಕೆಂಪಾದವು. ಸೊಸೆಯ ಬಲಗಣ್ಣು ಊದಿ ಮುಚ್ಚಿಕೊಂಡಿತು. ಗಿರಾಕಿಯೊಬ್ಬರ ಅಂಗಿಗೆ ತೋಳನ್ನು ಜೇಬಿನ ಜಾಗದಲ್ಲಿ ಹೊಲಿದಳು. ಮನೆಯ ಒಲೆ ಉರಿಯುವುದೇ ಅವಳ ಹೊಲಿಗೆ ಮಿಷನ್ನಿನಿಂದ. ಡಾಕ್ಟರು ತಮ್ಮ ಕಣ್ಣೊರೆಸಿಕೊಳ್ಳುತ್ತ, "ಬೇಸಿನ್ ಕ್ಲೀನಾಗಿಟ್ಕೊಳ್ಳಿ," ಎಂದರು. ರೋಗ ಹೆಚ್ಚಿದ್ದರಿಂದ ಇಲಾಖೆ ದಿನವೂ ಒರೆಸಲು ಆದೇಶಿಸಿತು.

ಮರುದಿನ ಪರಿವೀಕ್ಷಕರು ಸೊಸೆಯ ಬೇಸಿನ್ ಒರೆಸಿ, ಬಟ್ಟೆಯನ್ನು ಕಟ್ಟೆಯ ಮೇಲಿಟ್ಟು ಚಹಾ ಕುಡಿಯುತ್ತ ಕೂತರು. ಸೊಸೆ ಅದನ್ನು ಕುದಿಯುವ ನೀರಿಗೆ ಹಾಕಿ, ಸೋಪು ಹಚ್ಚಿ ಕುಕ್ಕಿದಳು. ಬಟ್ಟೆ ಬೆಳ್ಳಗಾಯಿತು.

ಪರಿವೀಕ್ಷಕರ ಮುಖ ಕಪ್ಪಿಟ್ಟಿತು. ಬೆಳ್ಳಗಿನ ಬಟ್ಟೆಯಿಂದ ಅದೇ ಬೇಸಿನ್ನನ್ನು ಮತ್ತೆ ಒರೆಸಿದರು. ಆಗತಾನೇ ಬಟ್ಟೆ ಬಿಟ್ಟಿದ್ದ ಕಪ್ಪನ್ನು ಬಟ್ಟೆಯೇ ಎತ್ತಿಕೊಂಡು ಬಂತು. ಫೇಲು. ನಲ್ಲಿ ಬಂದ್.

ಸುದ್ದಿ ತಿಳಿದು ಬೀದಿಯೇ ಮನೆಗೆ ನುಗ್ಗಿತು.

"ನಮ್ಮೆಲ್ಲರ ನಲ್ಲಿಗೂ ಕಲ್ಲು ಹಾಕ್ತೀಯೇನಮ್ಮ?" ಎಂದಳು ಪಕ್ಕದ ಮನೆಯವಳು. "ಅಷ್ಟು ಜನ ಸೇರಿ ಕಷ್ಟಪಟ್ಟು ಕೊಳೆ ಮಾಡಿದ ಬಟ್ಟೆ ಅದು."

"ಓದಿಲ್ಲ, ಬರೆದಿಲ್ಲ, ಪಾಪ," ಎಂದರು ಮೇಷ್ಟ್ರು. ತಮ್ಮ ಮನೆಯ ಬಾಣಲೆ ತಂದು ಬಟ್ಟೆಯಿಂದ ತಿಕ್ಕಿದರು. ಕ್ಷೌರಿಕ ತನ್ನ ಅಂಗಡಿಯ ನೆಲ ಒರೆಸಿದ. ಉಳಿದವರು ಕೈಲಾದ ಸೇವೆ ಸಲ್ಲಿಸಿದರು. ಬಟ್ಟೆ ಮೊದಲಿನ ಸ್ಥಿತಿಗೆ ಬಂದ ಮೇಲೆ ಮರುಪರೀಕ್ಷೆ ನಡೆದು ಮೇಷ್ಟ್ರೂ ಸೇರಿದಂತೆ ಎಲ್ಲರೂ ಪಾಸಾದರು. ನಲ್ಲಿಗಳು ತೆರೆದವು. ಬೀದಿ ರೋಗಮುಕ್ತವೆಂದು ಇಲಾಖೆ ಘೋಷಿಸಿತು. ಜನ ಕಣ್ಣುಜ್ಜಿಕೊಳ್ಳುತ್ತ ಚಪ್ಪಾಳೆ ತಟ್ಟಿದರು.

ಸೊಸೆ ಒಂದೇ ಕಣ್ಣಲ್ಲಿ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದಳು.

"ಅತ್ತೆ, ನಾಳೆ ಆ ಬಟ್ಟೆ ಮತ್ತೆ ಬರುತ್ತೆ. ರೋಗ ಈ ಕಣ್ಣಿಗೂ ಬಂದ್ರೆ ಏನ್ಮಾಡ್ಲಿ?"

ಅತ್ತೆ ನಲ್ಲಿಯಿಂದ ಕೊಡ ತುಂಬಿಸಿಕೊಳ್ಳುತ್ತ ಅಂದರು: "ಸುಮ್ನಿರೇ. ನಲ್ಲಿ ಇರೋದು ಒಂದೇ. ಕಣ್ಣಾದ್ರೆ ಎರಡಿವೆ."

ಸೊಸೆ ಲೆಕ್ಕ ಹಾಕಿ ನೋಡಿದಳು. ಸರಿಯಿತ್ತು.