ಫ್ರೀಜರಿನಲ್ಲಿಟ್ಟ ಸಂಸಾರ

ಟಿಕ್.

ನಡುರಾತ್ರಿಯಲ್ಲಿ ಯಾರೋ ಹಲ್ಲಿನ ಮೇಲೆ ಉಗುರು ಬಡಿದಂಥ ಸದ್ದು. ನಿಧಾನಪ್ಪ ಕಣ್ಣು ಬಿಟ್ಟ. ಗಡಿಯಾರವಲ್ಲ, ಗಡಿಯಾರಕ್ಕೆ ತಾಳವಿರುತ್ತದೆ. ಮತ್ತೆ ಟಿಕ್, ಅದರ ಬೆನ್ನಿಗೇ ಮುದುಕರು ಕುರ್ಚಿಯಿಂದ ಏಳುವಾಗ ಬರುವಂಥ ಒಂದು ನರಳಾಟ. ಹಜಾರದ ಮೂಲೆಯಲ್ಲಿ ಹೆಂಡತಿ ಆರಿಸಲು ಮರೆತು ಬಂದಿದ್ದ ಕಂಪ್ಯೂಟರು ಕತ್ತಲಲ್ಲಿ ಒಂಟಿಯಾಗಿ ಸಂಕಟಪಡುತ್ತಿತ್ತು.

ಅವನ ನಿಜವಾದ ಹೆಸರು ನಿಧಾನಪ್ಪನಲ್ಲ. ಕನ್ನಡಕದಂಗಡಿಯಲ್ಲಿ ಗಾಜು ಅರೆದು ಚೌಕಟ್ಟಿಗೆ ಕೂರಿಸುವುದು ಅವನ ಕೆಲಸ. ಒಂದೊಂದು ಗಾಜನ್ನೂ ಒರೆಸಿ, ಬೆಳಕಿಗೆ ಹಿಡಿದು, ಮತ್ತೆ ಒರೆಸದೆ ಕೈಬಿಡದವನಿಗೆ ಅಂಗಡಿಯವರು ಇಟ್ಟ ಹೆಸರು ಬೀದಿಗೂ ಬಂದು, ಕೊನೆಗೆ ಮನೆಯನ್ನೂ ಹೊಕ್ಕಿತ್ತು. ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಇವತ್ತೋ ನಾಳೆಯೋ ಎನ್ನುವವರ ವಾರ್ಡು ಅವಳದು. ಮನೆಗೆ ಬಂದರೆ ಕೈ ತೊಳೆದು, ಉಂಡು, ಕಂಪ್ಯೂಟರಿನ ಮುಂದೆ ಕೂತುಬಿಡುತ್ತಿದ್ದಳು. ಅವಳು ಆಡುತ್ತಿದ್ದುದು ಒಂದೇ ಆಟ: ಮನೆ ಕಟ್ಟುವುದು, ಅದರೊಳಗೆ ಪುಟ್ಟ ಪುಟ್ಟ ಮನುಷ್ಯರನ್ನಿಟ್ಟು ಸಂಸಾರ ಮಾಡಿಸುವುದು. ಎಬ್ಬಿಸುವುದು, ಉಣಿಸುವುದು, ಮಲಗಿಸುವುದು. ದಿನವಿಡೀ ಅದನ್ನೇ ಮಾಡಿ ಬಂದವಳಿಗೆ ಮತ್ತೆ ಅದೇ ಯಾಕೆ ಎಂದು ಅವನಿಗೆ ಅನಿಸುತ್ತಿತ್ತು. ಕೇಳಿರಲಿಲ್ಲ. ಸೋಫಾದಲ್ಲಿ ಕೂತವನಿಗೆ ಕಾಣುತ್ತಿದ್ದುದು ಪರದೆಯ ಬೆನ್ನು ಮತ್ತು ಅದರ ನೀಲಿ ಬೆಳಕು ಬಿದ್ದ ಅವಳ ಮುಖ. ಆಗ ಮಾತ್ರ ಆ ಮುಖದಲ್ಲಿ ಒಂದು ನಗು ಇರುತ್ತಿತ್ತು.

"ಕಂಪ್ಯೂಟರಿನ ಡಿಸ್ಕ್ ಸಾಯ್ತಿದೆ," ಎಂದ ಬೆಳಿಗ್ಗೆ.

ಹೆಗಲಿಗೆ ಬ್ಯಾಗು ಏರಿಸುತ್ತಿದ್ದ ಅವಳ ಕೈ ನಿಂತಿತು. "ನನ್ನ ಆಟ?"

"ಇವತ್ತು ನಂಗೆ ರಜ ಅಲ್ವಾ. ಎಲ್ಲ ಒಂದು ಕಡೆ ಇಳಿಸ್ಕೊಂಡು, ಹೊಸ ಡಿಸ್ಕ್ ಹಾಕಿ, ಮತ್ತೆ ಕೂರಿಸಿಬಿಡ್ತೀನಿ. ಸಂಜೆ ನೀನು ಬರೋಷ್ಟರಲ್ಲಿ ಹೇಗಿತ್ತೋ ಹಾಗೆ."

"ಅಮ್ಮನ ಫೋಟೋನೂ ಹೀಗೇ ಇಳಿಸ್ತೀನಿ ಅಂದಿದ್ರಿ."

ನಿಧಾನಪ್ಪ ನೆಲ ನೋಡಿದ. ಆ ಸಲ ಉಳಿದದ್ದು ಒಂದೇ ಫೋಟೋ. ಅದರಲ್ಲಿ ಅತ್ತೆಯವರ ಮೊಣಕೈ ಮಾತ್ರ ಬಂದಿತ್ತು.

"ನೋಡ್ರೀ," ಎಂದಳು ಅವಳು, ರೋಗಿಯ ಮನೆಯವರಿಗೆ ಹೇಳುವಷ್ಟು ಮೆಲ್ಲಗೆ. "ನಾನು ಅಂದ್ಕೊಂಡ ಹಾಗೆ ನಡೀತಿರೋದು ನನ್ನ ಬದುಕಲ್ಲಿ ಅದೊಂದೇ. ಅದಕ್ಕೇನಾದ್ರೂ ಆದ್ರೆ ನಾನು ಸುಮ್ಮನಿರಲ್ಲ." ಬಾಗಿಲು ದೂಡಿಕೊಂಡು ಹೋದಳು.

ನಿಧಾನಪ್ಪ ಅಂಗಿಯ ತೋಳು ಮೇಲಕ್ಕೆ ಮಡಿಸಿ ಕೂತ. ಪೆನ್ ಡ್ರೈವ್ ಚುಚ್ಚಿದ. ಪರದೆಯ ಮೇಲಿದ್ದ ಆಟದ ಚಿತ್ರವನ್ನು ಹಿಡಿದೆಳೆದು ಅದರೊಳಗೆ ಹಾಕಿದ. ಕಣ್ಣು ಮಿಟುಕಿಸುವುದರಲ್ಲಿ ಕೆಲಸ ಮುಗಿಯಿತು. ಇಷ್ಟು ಸುಲಭದ ಕೆಲಸಕ್ಕೆ ಜನ ಯಾಕೆ ಅಷ್ಟು ಹೆದರುತ್ತಾರೋ ಎಂದು ಅವನಿಗೆ ನಗು ಬಂತು. ಬದುಕಿನಲ್ಲಿ ಮೊದಲ ಸಲ ಒಂದು ಕೆಲಸವನ್ನು ಬೇಗ ಮುಗಿಸಿದ ಹೆಮ್ಮೆಯಲ್ಲಿ ಚಹಾ ಮಾಡಿಕೊಂಡು ಕುಡಿದ. ಆಮೇಲೆ ಸ್ಕ್ರೂಡ್ರೈವರ್ ತೆಗೆದ.

ಸ್ಕ್ರೂ ಬಿಚ್ಚುವ ಸದ್ದೆಂದರೆ ಮೇಲಿನ ಮನೆಯ ಎಲ್ಲಾಬಲ್ಲಣ್ಣನಿಗೆ ಇರುವೆಗೆ ಬೆಲ್ಲದ ವಾಸನೆ ಇದ್ದ ಹಾಗೆ. ಲಿಫ್ಟ್ ಮೆಕ್ಯಾನಿಕ್ಕಾಗಿ ನಿವೃತ್ತನಾದವನು. ಎರಡನೇ ಸ್ಕ್ರೂ ಕೈಗೆ ಬರುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ.

"ಏನು ಆಪರೇಷನ್ನು? ನನ್ನ ಕರೀದೆ?"

"ಡಿಸ್ಕ್ ಬದಲಾಯಿಸ್ಬೇಕು. ಎಲ್ಲ ಇಳಿಸ್ಕೊಂಡಾಯ್ತು."

"ಭೇಷ್! ಹಾಗಾದ್ರೆ ಅರ್ಧ ಕೆಲಸ ಮುಗೀತು. ನನ್ನ ಹತ್ರ ಒಂದು ಹೊಸ ಡಿಸ್ಕ್ ಇದೆ, ತರ್ತೀನಿ. ಹೋದ ಸಲ ನಿಮ್ಮ ಪೆಟ್ಟಿಗೇನ ನಾನೇ ಅಲ್ವಾ ರಿಪೇರಿ ಮಾಡಿದ್ದು?"

ಹೊಸ ಡಿಸ್ಕು ಬಂತು, ಹಳೆಯದು ಹೊರಬಂದು ಮೇಜಿನ ಮೇಲೆ ಕೂತಿತು. ಸಿಸ್ಟಮ್ಮನ್ನೆಲ್ಲ ಹೊಸದಾಗಿ ಹಾಕುವಷ್ಟರಲ್ಲಿ ಮಧ್ಯಾಹ್ನವಾಯಿತು. ನಿಧಾನಪ್ಪ ಪೆನ್ ಡ್ರೈವ್ ಚುಚ್ಚಿ, ಆಟದ ಚಿತ್ರದ ಮೇಲೆ ಎರಡು ಸಲ ಒತ್ತಿದ. ಪರದೆ ಒಂದು ಪೆಟ್ಟಿಗೆ ತೋರಿಸಿತು: ನೀವು ಹುಡುಕುತ್ತಿರುವ ವಸ್ತು ಇಲ್ಲಿಲ್ಲ.

ಎಲ್ಲಾಬಲ್ಲಣ್ಣ ಬಗ್ಗಿ ನೋಡಿ, ಬಾವಿಗೆ ಬಿದ್ದವನನ್ನು ನೋಡುವ ಹಾಗೆ ಇವನನ್ನು ನೋಡಿದ. "ರೀ, ಇದು ಆಟ ಅಲ್ಲ. ಆಟಕ್ಕೆ ಹೋಗೋ ದಾರಿ ತೋರ್ಸೋ ಬೋರ್ಡು. ನೀವು ಊರು ಬಿಡುವಾಗ ಮನೆ ಸಾಮಾನು ಬಿಟ್ಟು ಬಾಗಿಲಿನ ನಂಬರ್ ಪ್ಲೇಟ್ ಕಿತ್ಕೊಂಡು ಬಂದಿದ್ದೀರಿ!"

ನಿಧಾನಪ್ಪ ಮೇಜಿನ ಮೇಲಿದ್ದ ಹಳೆಯ ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಹೆದರ್ಬೇಡಿ. ಆಟದ ಸೀಡಿ ಇದ್ಯಲ್ಲ?"

ಸೀಡಿಯೇನೋ ಇತ್ತು. ಆದರೆ ಅದರ ಮೈಮೇಲೆ ಬೆಕ್ಕು ಪರಚಿದಂಥ ಗೀರುಗಳು. ಕಂಪ್ಯೂಟರು ಅದನ್ನು ನುಂಗಿ, ಗುಡುಗುಟ್ಟಿ, ಹೊರಕ್ಕುಗುಳಿತು. ಅಷ್ಟರಲ್ಲಿ ಕೆಳಗಿನ ಮನೆಯ ಓನರಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಗಂಡಸರಿಬ್ಬರು ಹಗಲು ಹೊತ್ತಿನಲ್ಲಿ ಇಷ್ಟು ಸದ್ದು ಮಾಡಿದರೆ ಮನೆಗೇನೋ ಕೇಡು ಕಾದಿದೆ ಎಂಬುದು ಅವರ ಅನುಭವ.

"ಟೂತ್‌ಪೇಸ್ಟ್ ಹಾಕಿ ಉಜ್ಜಪ್ಪ," ಎಂದರು ಸೀಡಿ ನೋಡಿ. "ನಮ್ಮನೆಯವರು ಇರೋವಾಗ ಹಾಗೇ ಮಾಡ್ತಿದ್ರು."

ಉಜ್ಜುವುದರಲ್ಲಿ ನಿಧಾನಪ್ಪನನ್ನು ಮೀರಿಸುವವರಿಲ್ಲ. ಬಟ್ಟೆ ಹಿಡಿದು ಕೂತ. ಹಜಾರವೆಲ್ಲ ಪುದೀನಾ ಪರಿಮಳ. ಸೀಡಿ ಹೊಳೆಯಿತು, ಕಂಪ್ಯೂಟರು ಒಪ್ಪಿತು, ಆಟ ಕೂತಿತು. ಮೂವರೂ ಪರದೆಗೆ ಮುಖವಿಟ್ಟರು. ಸಂಗೀತ ಮೊಳಗಿತು. ಹಸಿರು ಬಯಲೊಂದು ತೆರೆದುಕೊಂಡಿತು. ಮನೆಯಿಲ್ಲ, ಮರವಿಲ್ಲ, ನರಪಿಳ್ಳೆಯಿಲ್ಲ.

"ಎಲ್ಲಿ ಅವಳ ಮನೆ?" ಎಂದ ನಿಧಾನಪ್ಪ.

"ಅದು ಹಳೇ ಡಿಸ್ಕಲ್ಲೇ ಉಳೀತು," ಎಂದ ಎಲ್ಲಾಬಲ್ಲಣ್ಣ. "ಆಟ ಬೇರೆ, ಆಡಿದ್ದು ಬೇರೆ. ಪಾತ್ರೆ ಬಂತು, ಅಡುಗೆ ಬರಲಿಲ್ಲ. ನನ್ನ ಹತ್ರ ಒಂದು ಹಳೇ ಕಾಪಿ ಇರ್ಬೇಕು. ಎರಡು ವರ್ಷದ ಹಿಂದೆ ರಿಪೇರಿ ಮಾಡ್ದಾಗ ಮುನ್ನೆಚ್ಚರಿಕೆಗೆ ಅಂತ ಇಳಿಸ್ಕೊಂಡಿದ್ದೆ."

"ಎರಡು ವರ್ಷದ್ದು ಹೋದ್ರೆ ಅವಳು ನನ್ನ ಸಾಯಿಸಿಬಿಡ್ತಾಳೆ. ಬೇಡ, ಈ ಡಿಸ್ಕನ್ನೇ ಹೇಗಾದ್ರೂ ಬದುಕ್ಸಿ."

ಹಳೆಯ ಡಿಸ್ಕಿಗೆ ವೈರು ಸಿಕ್ಕಿಸಿದರು. ಟಿಕ್, ಟಿಕ್ ಎಂದು ತಲೆ ಚಚ್ಚಿಕೊಂಡು ಸುಮ್ಮನಾಯಿತು. ಎಲ್ಲಾಬಲ್ಲಣ್ಣ ಗದ್ದ ತುರಿಸಿಕೊಂಡ. "ಕೊನೇ ಮದ್ದು ಒಂದಿದೆ. ತಣ್ಣಗೆ ಮಾಡಿದ್ರೆ ಒಂದಿಷ್ಟು ಹೊತ್ತು ಉಸಿರಾಡುತ್ತೆ ಅಂತಾರೆ. ಫ್ರೀಜರ್!"

ನಿಧಾನಪ್ಪನ ಮನೆಯ ಫ್ರಿಜ್ಜಿಗೆ ಸ್ವತಃ ಜ್ವರ. ಡಿಸ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೂವರೂ ಸಾಲಾಗಿ ಮೆಟ್ಟಿಲಿಳಿದು ಓನರಮ್ಮನ ಅಡುಗೆಮನೆಗೆ ಹೋದರು. ಅವರು ಬಟಾಣಿಯ ಚೀಲ ಸರಿಸಿ ಜಾಗ ಮಾಡಿಕೊಟ್ಟರು. "ಪಾಪ, ಒಂದು ಸಂಸಾರ ಪೂರ್ತಿ ಇದರೊಳಗಿದ್ಯಾ? ಚಳಿ ಆಗಲ್ವಾ ಅವರಿಗೆ?"

ಮೂವರೂ ಆಪರೇಷನ್ ಕೋಣೆಯ ಹೊರಗೆ ಕೂತವರ ಹಾಗೆ ಫ್ರಿಜ್ಜಿನ ಗುಂಯ್‌ಗುಡುವಿಕೆ ಕೇಳುತ್ತ ಕೂತರು. ಒಂದು ಸಲ ಓನರಮ್ಮ ಬಾಗಿಲು ತೆರೆದು ಮುಟ್ಟಿ ನೋಡಿ, "ಇನ್ನೂ ಸ್ವಲ್ಪ ಬಿಸಿ ಇದೆ," ಎಂದರು, ಆಸೆ ಬಿಡಬೇಡಿ ಎನ್ನುವ ದನಿಯಲ್ಲಿ.

ಮಂಜುಗಟ್ಟಿದ ಡಿಸ್ಕನ್ನು ಎತ್ತಿಕೊಂಡು ನಿಧಾನಪ್ಪ ಜೀವಮಾನದಲ್ಲಿ ಓಡದಷ್ಟು ವೇಗವಾಗಿ ಮೆಟ್ಟಿಲು ಹತ್ತಿದ. ವೈರು ಸಿಕ್ಕಿಸಿದ. ಡಿಸ್ಕು ಒಮ್ಮೆ ನಡುಗಿ ತಿರುಗತೊಡಗಿತು. "ಬೇಗ, ಬೇಗ!" ಎಂದು ಓನರಮ್ಮ ಚಪ್ಪಾಳೆ ತಟ್ಟಿದರು. ಪರದೆಯ ಮೇಲಿನ ಹಸಿರು ಗೆರೆ ಇಂಚಿಂಚಾಗಿ ತೆವಳಿ, ನಿಂತು, ಮತ್ತೆ ತೆವಳಿ, ತುದಿ ಮುಟ್ಟಿತು. ಮರುಕ್ಷಣವೇ ಡಿಸ್ಕು ಒಳಗೇನೋ ಕಳಚಿಬಿದ್ದ ಸದ್ದು ಮಾಡಿ, ನೀರು ಬಿಟ್ಟುಕೊಂಡು, ಪ್ರಾಣ ಬಿಟ್ಟಿತು.

"ಉಳಿಸಿದ್ವಿ!" ಎಲ್ಲಾಬಲ್ಲಣ್ಣ ಇವನ ಬೆನ್ನಿಗೆ ಗುದ್ದಿದ. "ತೆಗೆದು ನೋಡಿ."

ಆಟ ತೆರೆಯಿತು. ಹಸಿರು ಬಯಲಿನ ನಡುವೆ ಬಿಳಿ ಗೋಡೆಯ ಮನೆ. ಎಲ್ಲಿ ನೋಡಿದರೂ ಕಿಟಕಿ, ಕಿಟಕಿಯ ತುಂಬ ಬಿಸಿಲು. ಗೋಡೆಯುದ್ದಕ್ಕೂ ಪುಸ್ತಕ. ಅಂಗಳದ ಉಯ್ಯಾಲೆಯಲ್ಲಿ ಒಬ್ಬ ಪುಟ್ಟ ಹೆಂಗಸು ಕೂತು ಓದುತ್ತಿದ್ದಳು. ಅವನ ಹೆಂಡತಿಯದೇ ಕೂದಲು, ಅವಳದೇ ಕೆನ್ನೆ. ಅವಳ ತಲೆಯ ಮೇಲೆ ತೇಲುತ್ತಿದ್ದ ಸುಖದ ಗುರುತು ಎಷ್ಟು ಹಸಿರಾಗಿತ್ತೆಂದರೆ, ಅದಕ್ಕಿಂತ ಹಸಿರಾಗಲು ಆಟದಲ್ಲಿ ಜಾಗವಿರಲಿಲ್ಲ.

"ಎಷ್ಟು ಚೆನ್ನಾಗಿಟ್ಕೊಂಡಿದ್ದಾಳೆ," ಎಂದರು ಓನರಮ್ಮ. "ನೀನೆಲ್ಲಪ್ಪ?"

ನಿಧಾನಪ್ಪನೂ ಅದನ್ನೇ ಹುಡುಕುತ್ತಿದ್ದ. ಮಲಗುವ ಕೋಣೆಯಲ್ಲಿ ಒಂಟಿ ಮಂಚ. ಊಟದ ಮೇಜಿಗೆ ಒಂದೇ ಕುರ್ಚಿ. ಮನೆಯನ್ನು ಸುತ್ತು ಹಾಕಿಸಿ ಹಿತ್ತಿಲು ನೋಡಿದ. ಕಸದ ತೊಟ್ಟಿಯ ಪಕ್ಕ ಒಂದು ಕಲ್ಲು. ಅದರ ಮೇಲೆ ಮೌಸಿನ ಬಾಣ ಇಟ್ಟ. ಅಕ್ಷರ ಮೂಡಿತು. ಅವನ ಹೆಸರು, ಇನಿಷಿಯಲ್ ಸಮೇತ. ಕೆಳಗೆ ಸಾವಿನ ಕಾರಣ: ಹಸಿವು.



"ಕಾಯಿಲೆ ಏನಾದ್ರೂ ಇತ್ತೇನೋ," ಎಂದ ಎಲ್ಲಾಬಲ್ಲಣ್ಣ ಗಂಟಲು ಸರಿಮಾಡಿಕೊಂಡು. ಆಮೇಲೆ ಮನೆಯ ಹಿಂಬದಿಗೆ ಅಂಟಿಕೊಂಡ ಒಂದು ಪುಟ್ಟ ಕೋಣೆಯತ್ತ ಬೆರಳು ತೋರಿಸಿದ. ನಾಲ್ಕು ಗೋಡೆ, ಒಂದು ಕುರ್ಚಿ, ಒಂದು ಟೀವಿ. ಬಾಗಿಲಿರಲಿಲ್ಲ. "ಓಹೋ. ಒಳಗೆ ಕಳಿಸಿ ಬಾಗಿಲು ಕಿತ್ತುಬಿಟ್ಟಿದ್ದಾರೆ. ಈ ಆಟದಲ್ಲಿ ಅದೇ ಸುಲಭದ ದಾರಿ."

"ಟೀವಿ ಇಟ್ಟಿದ್ದಾಳೆ ನೋಡು," ಎಂದರು ಓನರಮ್ಮ. "ಕಲ್ಲು ಮನಸ್ಸಿನವಳಲ್ಲ." ಅವರು ನಿಧಾನಪ್ಪನ ತೋಳು ಹಿಡಿದರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಒಳ್ಳೇ ಮನುಷ್ಯ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೂಡ ಮಾಡಿದವನಲ್ಲ."

"ಯಾರಿಗೂ ಒಂದು ಮಾತು ಅಂದವರಲ್ಲ," ಎಂದ ಎಲ್ಲಾಬಲ್ಲಣ್ಣ, ತಲೆ ತಗ್ಗಿಸಿ.

"ನಾನಿಲ್ಲೇ ಇದ್ದೀನಿ!" ಎಂದ ನಿಧಾನಪ್ಪ.

ಇಬ್ಬರೂ ಅವನತ್ತ ನೋಡಿದರು. ಆ ನೋಟದಲ್ಲಿದ್ದ ಕನಿಕರ ಅವನಿಗೆ ಕಲ್ಲಿಗಿಂತ ಭಾರವಾಗಿತ್ತು. ಉಯ್ಯಾಲೆಯ ಹೆಂಗಸು ಪುಟ ತಿರುವಿ ನಕ್ಕಳು. ಆ ನಗು ಅವನಿಗೆ ಗೊತ್ತಿತ್ತು. ದಿನಾ ರಾತ್ರಿ ನೀಲಿ ಬೆಳಕಿನಲ್ಲಿ ಹೆಂಡತಿಯ ಮುಖದ ಮೇಲೆ ಕಂಡದ್ದು ಅದೇ.

"ಆ ಹಳೇ ಕಾಪಿ," ಎಂದ ತಗ್ಗಿದ ದನಿಯಲ್ಲಿ. "ಅದರಲ್ಲಿ ನಾನಿದ್ದೀನಾ?"

ಎಲ್ಲಾಬಲ್ಲಣ್ಣ ಮೇಲಿನ ಮನೆಗೆ ಓಡಿ ತಂದ. ಹಾಕಿ ನೋಡಿದರು. ಸಣ್ಣ ಮನೆ, ಎರಡೇ ಕಿಟಕಿ. ಪುಸ್ತಕವಿಲ್ಲ, ಉಯ್ಯಾಲೆಯಿಲ್ಲ. ಅಡುಗೆಮನೆಯಲ್ಲಿ ನೀಲಿ ಅಂಗಿಯ ಒಬ್ಬ ಪುಟ್ಟ ಗಂಡಸು ಒಂದೇ ತಟ್ಟೆಯನ್ನು ತೊಳೆಯುತ್ತಿದ್ದ, ಬೆಳಕಿಗೆ ಹಿಡಿಯುತ್ತಿದ್ದ, ಮತ್ತೆ ತೊಳೆಯುತ್ತಿದ್ದ.

"ಬದುಕಿದ್ದಾನೆ!" ಎಂದು ಓನರಮ್ಮ ಎದೆ ಮುಟ್ಟಿಕೊಂಡರು. "ಆದ್ರೆ ಅವಳ ಎರಡು ವರ್ಷದ ಕಷ್ಟ ಹೋಗುತ್ತಲ್ಲಪ್ಪ."

"ನಾನೇ ಹೋಗಿದ್ದೀನಲ್ಲಮ್ಮ."

ಇಬ್ಬರೂ ಯಾರಿಗೂ ಬಾಯಿ ಬಿಡುವುದಿಲ್ಲವೆಂದು ಆಣೆ ಮಾಡಿ, ಸಾವಿನ ಮನೆಯಿಂದ ಹೊರಡುವವರ ಹಾಗೆ ಹೋಗಿಬರ್ತೀವಿ ಎನ್ನದೆ ಹೊರಟರು. ನಿಧಾನಪ್ಪ ಒಬ್ಬನೇ ಕೂತು, ಸತ್ತ ಡಿಸ್ಕಿನಿಂದ ಉಳಿಸಿಕೊಂಡಿದ್ದ ಬಿಳಿ ಗೋಡೆಯ ಮನೆಯನ್ನು ಹುಡುಕಿ ಹಿಡಿದ. ಶಾಶ್ವತವಾಗಿ ಅಳಿಸುವುದು ಖಚಿತವೇ ಎಂದು ಕಂಪ್ಯೂಟರು ಕೇಳಿತು. ಒಂದು ಗಾಜನ್ನು ಹತ್ತು ಸಲ ಒರೆಸುವ ಮನುಷ್ಯ, ಆ ಪ್ರಶ್ನೆಯನ್ನು ಪೂರ್ತಿ ಓದುವ ಮೊದಲೇ ಹೌದು ಎಂದು ಒತ್ತಿದ.

ಸಂಜೆ ಅವಳು ಬ್ಯಾಗನ್ನೂ ಇಳಿಸದೆ ಕಂಪ್ಯೂಟರಿನ ಮುಂದೆ ಕೂತಳು. ಪರದೆಯನ್ನೇ ಬಹಳ ಹೊತ್ತು ನೋಡಿದಳು.

"ಇದು ಹಳೇದು."

"ಡಿಸ್ಕ್ ಪೂರ್ತಿ ಹೋಗಿತ್ತು. ಎಲ್ಲಾಬಲ್ಲಣ್ಣನ ಹತ್ರ ಇದ್ದಿದ್ದು ಇಷ್ಟೇ. ತುಂಬಾ ಪ್ರಯತ್ನಪಟ್ವಿ, ಫ್ರೀಜರಲ್ಲೂ ಇಟ್ವಿ."

"ನೀವು ಒಳಗೆ ತೆಗೆದು ನೋಡಿದ್ರಾ?"

"ನಾನಾ? ನಂಗೇನು ಗೊತ್ತಾಗುತ್ತೆ ಅದರಲ್ಲಿ."

ಅವಳು ಅವನ ಮುಖವನ್ನು ಓದಿದಳು. ನಾಡಿ ಹಿಡಿದು ನೋಡುವಾಗಿನ ನೋಟ. ಆಮೇಲೆ ಭುಜ ಸಡಿಲಬಿಟ್ಟಳು. "ಹೋಗ್ಲಿ ಬಿಡಿ. ಪಾಪ, ದಿನವೆಲ್ಲ ಒದ್ದಾಡಿದ್ದೀರಿ. ಮೊದಲಿಂದ ಮಾಡ್ಕೋತೀನಿ. ಈಗ ಕೈ ಪಳಗಿದೆ, ಬೇಗ ಆಗುತ್ತೆ."

ಅವಳು ಬೈಯಲಿಲ್ಲ. ಅವನ ಕೈಯನ್ನು ಒಮ್ಮೆ ಮೆಲ್ಲಗೆ ಅದುಮಿದಳು ಕೂಡ. ಇಷ್ಟು ವರ್ಷಗಳ ಮೇಲೆ! ನಿಧಾನಪ್ಪನಿಗೆ ಎದೆ ತುಂಬಿ ಬಂತು. ತಾನು ಬದುಕಿರುವುದು ಅವಳಿಗೂ ಒಳಗೊಳಗೇ ಇಷ್ಟವಾಗಿರಬೇಕು. ಆವತ್ತು ಏನೋ ಬೇಸರದಲ್ಲಿ ಆಗಿಹೋಗಿದ್ದಿರಬೇಕು. ಬಿಸಿಬಿಸಿ ಚಹಾ ಮಾಡಿಕೊಂಡು, ಮೊದಲ ಬಾರಿಗೆ ಸೋಫಾ ಬಿಟ್ಟು ಅವಳ ಕುರ್ಚಿಯ ಹಿಂದಿನಿಂದ ಬಂದ.

ಪರದೆಯಲ್ಲಿ ನೀಲಿ ಅಂಗಿಯವನು ರಾತ್ರಿಯ ಅಡುಗೆ ಮಾಡುತ್ತಿದ್ದ. ಅವಳು ಗಲ್ಲಕ್ಕೆ ಕೈಯೂರಿ, ತಾಳ್ಮೆಯಿಂದ ಅವನು ಮುಗಿಸುವವರೆಗೆ ಕಾದಳು. ಅವನು ತಟ್ಟೆ ತಂದು ಮೇಜಿನ ಮೇಲಿಟ್ಟ. ಹಿತ್ತಿಲಲ್ಲಿ ಆಗಲೇ ನಾಲ್ಕು ಗೋಡೆ ಎದ್ದಿದ್ದವು. ಅವಳು ಬೆರಳಾಡಿಸಿದಳು. ನೀಲಿ ಅಂಗಿಯವನು ಏನೂ ಕೇಳದೆ, ನಿಧಾನವಾಗಿ ನಡೆದುಹೋಗಿ ಒಳಗೆ ನಿಂತ.

"ಏನೂ ಆಗಲ್ಲ," ಎಂದಳು ಅವಳು ಪರದೆಗೆ, ಸೂಜಿ ಚುಚ್ಚುವ ಮುಂಚಿನ ಮೆತ್ತನೆಯ ದನಿಯಲ್ಲಿ. "ಸ್ವಲ್ಪ ಹೊತ್ತು ಅಷ್ಟೇ."

ಬಾಗಿಲು ಮಾಯವಾಯಿತು.

ಅವಳು ಇನ್ನೂ ತಿರುಗಿ ನೋಡಿರಲಿಲ್ಲ. ನಿಧಾನಪ್ಪ ಬಂದ ಹಾಗೆಯೇ ಹಿಂದೆ ಹಿಂದೆ ಹೆಜ್ಜೆಯಿಟ್ಟು ಅಡುಗೆಮನೆ ಸೇರಿದ. ಚಹಾ ಚೆಲ್ಲಿ ಕೈ ಸುಟ್ಟಿತ್ತು, ಬಾಯಿ ಬಿಡಲಿಲ್ಲ. ಏನೆಂದು ಕೇಳುವುದು? ಕೇಳಿದರೆ ಕಲ್ಲು ನೋಡಿದ್ದನ್ನು ಹೇಳಬೇಕು. ಕಲ್ಲು ನೋಡಿದ್ದನ್ನು ಹೇಳಿದರೆ ಎರಡು ವರ್ಷ ಅಳಿಸಿದ್ದು ಯಾರ ಬೆರಳು ಎಂದೂ ಹೇಳಬೇಕು.

ಹೊರಬಾಗಿಲಲ್ಲಿ ಮೆಲ್ಲಗೆ ಬೆರಳು ಬಡಿದ ಸದ್ದು. ಎಲ್ಲಾಬಲ್ಲಣ್ಣ ಇಣುಕಿದ, ಅವನ ಹೆಗಲ ಹಿಂದೆ ಓನರಮ್ಮನ ಒಂದು ಕಣ್ಣು.

"ಏನಂದ್ರು?" ಎಂದ ಪಿಸುದನಿಯಲ್ಲಿ. "ನೀವಿರೋದು ನೋಡಿ ಏನಂದ್ರು?"

ಒಳಗಿನಿಂದ ಆಟದ ಸಂಗೀತದ ಜೊತೆಗೆ ಅವಳು ಗುನುಗುತ್ತಿರುವುದು ಕೇಳಿಸುತ್ತಿತ್ತು. ಇದನ್ನು ಇವರಿಗಷ್ಟೇ ಅಲ್ಲ, ಇನ್ಯಾರಿಗೂ ಹೇಳಬಾರದೆಂದು ನಿಧಾನಪ್ಪ ಅಲ್ಲೇ, ಹೊಸಿಲ ಮೇಲೆಯೇ ತೀರ್ಮಾನಿಸಿದ.

"ತುಂಬಾ ಖುಷಿಯಾಗಿದ್ದಾಳೆ," ಎಂದು ಹೇಳಿ ಬಾಗಿಲು ಹಾಕಿಕೊಂಡ.